ಏಕನಾಥನ ಸಸ್ಪೆನ್ಶನ್

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಸ್ಪ್ರಿಂಗು. ಆ ಸ್ಪ್ರಿಂಗು ಸೈಕಲ್ಲಿನ ಮುಂದಷ್ಟೇ ಇರಬೇಕೋ, ಹಿಂದೆಯೂ ಇರಬೇಕೋ ಎಂಬ ಪ್ರಶ್ನೆ ಕೇಶ್ವಾಪುರದ ಏಕನಾಥನನ್ನು ಎಂಟು ದಿನದಿಂದ ಹುರಿದು ಮುಕ್ಕುತ್ತಿತ್ತು.

ಏಕನಾಥ ಸರಕಾರಿ ಕಚೇರಿಯೊಂದರ ಗುಮಾಸ್ತ. ವಯಸ್ಸು ನಲವತ್ತೇಳು, ಹೊಟ್ಟೆ ವಯಸ್ಸಿಗಿಂತ ಮುಂದೆ ನಡೆದಿತ್ತು. ಹುಟ್ಟಿದಾಗಿನಿಂದ ಅವನು ತನಗೆಂದು ಒಂದು ವಸ್ತುವನ್ನು ತಾನೇ ಆರಿಸಿಕೊಂಡವನಲ್ಲ. ಓದಿದ್ದು ಅಪ್ಪ ಹೇಳಿದ್ದನ್ನು, ಸೇರಿದ್ದು ಸೋದರಮಾವ ತೋರಿಸಿದ ನೌಕರಿಗೆ, ತೊಡುವುದು ಹೆಂಡತಿ ಗಾರ್ಗಿ ತಂದ ಅಂಗಿ. ಡಾಕ್ಟರು "ಸೈಕಲ್ ಹೊಡೀರಿ" ಎಂದಾಗ ಮೊದಲ ಬಾರಿಗೆ ಅವನ ಎದೆಯಲ್ಲೊಂದು ಆಸೆ ತಲೆಯೆತ್ತಿತು. ಗುಡ್ಡ ಹತ್ತುವ ಸೈಕಲ್ಲೇ ಕೊಳ್ಳಬೇಕು, ಅದೂ ತಾನೇ ಆರಿಸಿ. ಬರುವ ರವಿವಾರ ಗೆಳೆಯರ ತಂಡದ ಸಂಗಡ ನೃಪತುಂಗ ಬೆಟ್ಟ ಏರುವುದೆಂದೂ ನಿಶ್ಚಯವಾಗಿತ್ತು. ಗಾರ್ಗಿ ಕೂಡ, "ಇದೊಂದರ ನಿಮ್ಮ ಮನಸ್ಸಿಗೆ ಬಂದದ್ದು ತಗೋರಿ," ಎಂದು ಅಪ್ಪಣೆ ಕೊಟ್ಟಿದ್ದಳು.

ಗೌಸಮೊದ್ದೀನನ ಸೈಕಲ್ ಅಂಗಡಿಯಲ್ಲಿ ಎರಡು ಉಳಿದಿದ್ದವು. ಕೆಂಪನೆಯದಕ್ಕೆ ಮುಂದಿನ ಗಾಲಿಗಷ್ಟೇ ಸಸ್ಪೆನ್ಶನ್. ಹಗುರ, ಏರು ಸರಸರ ಹತ್ತುತ್ತದೆ, ಆದರೆ ಕಲ್ಲು ಸಿಕ್ಕರೆ ಸುದ್ದಿ ನೇರ ಕೂತವನ ಬುಡಕ್ಕೆ ಮುಟ್ಟುತ್ತದೆ. ನೀಲಿಯದಕ್ಕೆ ಹಿಂದೆ, ಮುಂದೆ ಎರಡೂ ಕಡೆ, ಅಂದರೆ ಫುಲ್ ಸಸ್ಪೆನ್ಶನ್. ಗಾದಿಯ ಮೇಲೆ ಕೂತಂತೆ ಸುಖ, ಆದರೆ ಹೆಣಭಾರ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಬುಧವಾರ ಒಂದು ದಿನ ರಜೆ ಹಾಕಿದ. ಗಾರ್ಗಿ ಪಾಠ ಹೇಳಲು ಸಾಲಿಗೆ ಹೋದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಅಂಗಡಿಗೆ ಫೋನು ಹಚ್ಚಿದ.

"ಹೂಂರಿ ಗೌಸಮೊದ್ದೀನ ಸಾಹೇಬ್ರ, ಫುಲ್ ಸಸ್ಪೆನ್ಶನ್ ಅಂದ್ರ ಭಾಳ ಜಡಾ ಆಗ್ತದ್ರಿ. ನನ್ನ ಕಡಿಂದ ತಡಕೊಳ್ಳೋದು ಆಗೂದಿಲ್ಲ. ಮುಂದಿಂದಷ್ಟ ಆದ್ರ ಹೆಂಗೋ ನಡೀತದ. ಸಂಜಿತನಕಾ ಟೈಮ್ ಕೊಡ್ರಿ, ಕೈ ಮುಗೀತೇನಿ."

ಪಕ್ಕದ ಮನೆಯ ಮುರಿಗೆವ್ವ ಕಂಪೌಂಡಿನ ಆಚೆ ಸಂಡಿಗೆ ಒಣಹಾಕುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು. ನೌಕರದಾರರ ಓಣಿಯಲ್ಲಿ ಸಸ್ಪೆನ್ಶನ್ ಎಂಬ ಶಬ್ದಕ್ಕೆ ಇರುವುದು ಒಂದೇ ಅರ್ಥ. ಅದು ಸೈಕಲ್ಲಿಗೂ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈಮುಗಿದು ಬೇಡಿಕೊಳ್ಳುವ ಸಾಹೇಬರೆಂದರೆ ಕಚೇರಿಯ ಮೇಲಧಿಕಾರಿಯೇ. ಮೇಲಾಗಿ ಕಚೇರಿಯ ಹೊತ್ತಿನಲ್ಲಿ ಗುಮಾಸ್ತ ಮನೆಯಲ್ಲಿ ಕೂತಿದ್ದಾನೆ. ಸಂಡಿಗೆಯನ್ನು ಕಾಗೆಗೆ ಬಿಟ್ಟು ಓಡಿ ಬಂದಳು.

"ತಮ್ಮಾ, ಸಸ್ಪೆನ್ಶನ್ ಅಂದಂಗಾತು, ಖರೇನ?"

"ಖರೇನ್ರಿ ಅವ್ವಾರ! ಸಂಜಿಕ ಫೈನಲ್ ಆಗ್ತದ. ಫುಲ್ಲೊ, ಮುಂದಿಂದಷ್ಟೊ, ಅದೊಂದು ತಿಳೀವಲ್ದು."

"ಹಿಂದಿಂದು?"

"ಹಿಂದ ಏನೂ ಇಲ್ರಿ."

"ನನಗ ಗೊತ್ತಿಲ್ಲೇನಪ್ಪಾ? ಹಿಂದ ಒಂದು ಕಪ್ಪು ಚುಕ್ಕಿ ಇಲ್ಲ."

"ಕಪ್ಪು ಇಲ್ಲಽ ಇಲ್ರಿ. ಕೆಂಪು, ನೀಲಿ ಎರಡಽ."

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗನಿಗೆ ಆಘಾತದಿಂದ ಮಾತು ಎತ್ತೆತ್ತಲೋ ಹೋಗುತ್ತಿದೆ. "ಯಾರ ಮಾಡಿದ್ರಪಾ ಇದನ್ನ?"

"ಚೀನಾದಾಗ ಮಾಡ್ತಾರಂತ್ರಿ."

"ಯವ್ವಾ, ಅಲ್ಲೀತನಕಾ ಹೋತ!" ಎಂದು ಎದೆ ಹಿಡಿದುಕೊಂಡು ಮನೆಗೆ ಹೋದಳು. ಅರ್ಧ ತಾಸಿನಲ್ಲಿ ಬಿಸಿರೊಟ್ಟಿ, ಎಣಗಾಯಿ, ಕೆನೆಮೊಸರು ಬಂದವು. ತಾನು ಆರಿಸುವ ಸೈಕಲ್ಲಿಗೆ ಓಣಿಯಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಏಕನಾಥನಿಗೆ ಅಂದೇ ಗೊತ್ತಾದದ್ದು. ಸಂತೋಷದಿಂದ ನಾಲ್ಕು ರೊಟ್ಟಿ ತಿಂದ.

ಒಂದು ಗಂಟೆಗೆ ಸುದ್ದಿ ದ್ಯಾಮಣ್ಣನಿಗೆ ಮುಟ್ಟಿತು. ರೇಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಈ ಹಿರಿಯನಿಗೆ ಇನ್ನೊಬ್ಬರ ತೊಂದರೆ ಎಂದರೆ ಹಬ್ಬ. ಬನಿಯನ್ನಿನ ಮೇಲೆ ಟವೆಲ್ ಹೊದ್ದು, ಮುರಿಗೆವ್ವನನ್ನೂ ಕರೆದುಕೊಂಡು ಬಂದೇಬಿಟ್ಟ.

"ಅಂಜಬ್ಯಾಡ ತಮ್ಮಾ. ನನಗ ಮೂರು ಸಲ ಆಗಿತ್ತು ಸಸ್ಪೆನ್ಶನ್."

"ನಿಮ್ಮ ಕಾಲದಾಗೂ ಇತ್ತೇನ್ರಿ ಕಾಕಾ?"

"ಇಲ್ಲದ ಏನ? ಮೊದಲನೇದ್ದು ಎಂಟು ತಿಂಗಳ ನಡೀತು."

"ಎಂಟಽ ತಿಂಗಳಾ? ನಾ ಏನಿಲ್ಲಂದ್ರೂ ಹತ್ತು ವರ್ಷ ಬರ್ತದ ಅಂದ್ಕೊಂಡಿದ್ದೆ!"

ದ್ಯಾಮಣ್ಣ ಹೌಹಾರಿದ. ಹತ್ತು ವರ್ಷದ ಸಸ್ಪೆನ್ಶನ್ನು ಅವನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು: ಸೀಟಿನ ಎತ್ತರಕ್ಕೆ ಕಾಲಿನ ಅಳತೆ ಬೇಕಂತೆ. ಏಕನಾಥನ ಮನೆಯಲ್ಲಿ ಟೇಪು ಸಿಗಲಿಲ್ಲ. ಆತ ಸಹಜವಾಗಿ, "ಕಾಕಾ, ನಿಮ್ಮಲ್ಲೆ ಹಗ್ಗ ಅದ ಏನ್ರಿ? ಒಂದು ಮಾರು ಆದ್ರ ಸಾಕು," ಎಂದ.

ಮುರಿಗೆವ್ವ ಚಿಟ್ಟನೆ ಚೀರಿದಳು. ದ್ಯಾಮಣ್ಣ ಹಾರಿ ಬಂದು ಏಕನಾಥನನ್ನು ಎರಡೂ ತೋಳಿನಿಂದ ಅವುಚಿ ಹಿಡಿದ. "ಹುಚ್ಚಾ! ಇಷ್ಟಕ್ಕ ಯಾರರ ಜೀವಾ ಕಳಕೊಂತಾರೇನೊ?"

ತಾನು ಬೆಟ್ಟ ಹತ್ತುವುದಕ್ಕೆ ಹೆದರಿದ್ದಾರೆ ಪಾಪ ಎಂದು ಏಕನಾಥ ಅವರಿಗೇ ಸಮಾಧಾನ ಹೇಳಿದ: "ಜೀವಕ್ಕೇನೂ ಆಗೂದಿಲ್ರಿ ಕಾಕಾ. ಬಿದ್ರೂ ತಲಿಗೆ ಹೆಲ್ಮೆಟ್ ಇರ್ತದಲ್ಲಾ."

"ತಲಿನಽ ಕೆಟ್ಟೈತಿ," ಎಂದು ದ್ಯಾಮಣ್ಣ ತೀರ್ಪು ಕೊಟ್ಟ. ಫೋನು ಕಸಿದುಕೊಂಡ. ಏಕನಾಥನನ್ನು ಒತ್ತಾಯದಿಂದ ಮಲಗಿಸಿದ. ಮುರಿಗೆವ್ವ ಹಣೆಗೆ ವಿಭೂತಿ ಹಚ್ಚಿ ಒಂದು ಲೋಟ ಬಿಸಿಹಾಲು ಕುಡಿಸಿದಳು. ನಾಲ್ಕು ರೊಟ್ಟಿಯ ಮೇಲೆ ಹಾಲು ಬಿದ್ದ ಮೇಲೆ ಎಂಥವನಿಗೂ ಉಳಿಗಾಲವಿಲ್ಲ. ಏಕನಾಥ ಗೊರಕೆ ಹೊಡೆಯತೊಡಗಿದ. ದ್ಯಾಮಣ್ಣ ಫೋನು ಹಿಡಿದು ಬಾಗಿಲಿನಲ್ಲಿ ಪಹರೆ ಕೂತ.

ಐದು ಗಂಟೆಗೆ ಎಚ್ಚರಾದಾಗ ಏಕನಾಥನ ಮನಸ್ಸು ತೊಳೆದಿಟ್ಟ ಪೂಜೆಯ ತಾಬಾಣದಂತೆ ಸ್ವಚ್ಛವಾಗಿತ್ತು. ಕೆಂಪು! ಬುಡಕ್ಕೆ ನೋವಾದರೆ ಆಗಲಿ, ಏರು ಹತ್ತಬೇಕು. ನಲವತ್ತೇಳು ವರ್ಷದಲ್ಲಿ ಮೊದಲ ಸಲ ಸ್ವಂತ ತೀರ್ಮಾನ. ಅವನಿಗೆ ಕುಣಿಯುವಷ್ಟು ಹಿಗ್ಗಾಯಿತು. ಅಂಗಡಿಗೆ ಹೊರಡೋಣವೆಂದು ಬಾಗಿಲು ತೆರೆದರೆ ಅಂಗಳದ ತುಂಬ ಜನ. ದ್ಯಾಮಣ್ಣ ಅವನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಯೇಬಿಟ್ಟ.

"ಗೆದ್ದಿ ತಮ್ಮಾ! ನೀ ಮಲಗಿದಾಗ ಗೌಸಮೊದ್ದೀನ ಸಾಹೇಬ್ರ ಫೋನ್ ಬಂದಿತ್ತು. ಎದ್ದು ನಿಂತ ಮಾತಾಡಿದೆ. ಆರ್ಡರ್ ಮನಿಗೇ ಬರಾಕತ್ತೈತಿ!"

"ಯಾವದು ಹೇಳಿದ್ರಿ ಕಾಕಾ?" ಏಕನಾಥ ಮಾಲೆ ಹಿಡಿದುಕೊಂಡೇ ಕೇಳಿದ.

ಉತ್ತರದ ಬದಲು ಓಣಿಯೊಳಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಗೌಸಮೊದ್ದೀನ ತಾನೇ ಇಳಿದು, ಹಿಂದಿನಿಂದ ಒಂದು ಸೈಕಲ್ಲನ್ನು ಇಬ್ಬರ ಸಹಾಯದಿಂದ ಇಳಿಸಿದ. ಕೆಂಪಲ್ಲ, ನೀಲಿಯೂ ಅಲ್ಲ. ಎಮ್ಮೆಯಂತೆ ಕಪ್ಪನೆಯದು, ಎತ್ತರದ್ದು, ಮಂಚದಷ್ಟು ಅಗಲ ಕ್ಯಾರಿಯರಿನದು, ಹಾಲಿನವರು ಎರಡೂ ಕಡೆ ಕ್ಯಾನು ತೂಗಹಾಕುವಂಥದು.

"ಇದೇನ್ರಿ?" ಏಕನಾಥ ಅವನನ್ನು ಬದಿಗೆ ಎಳೆದ.

"ನಿಮ್ಮ ಕಾಕಾರು ಹೇಳಿದ್ದಽ ತಂದೇನ್ರಿ. ಸಸ್ಪೆನ್ಶನ್ ಮುಂದಿಂದೊ, ಫುಲ್ಲೊ ಅಂತ ನಾ ಕೇಳಿದ್ನಿ. 'ನಿಮ್ಮ ಪಾದಾ ಹಿಡಿತೇನ್ರಿ, ಯಾವ ಸಸ್ಪೆನ್ಶನ್ನೂ ಬ್ಯಾಡ್ರಿ, ಮೊದಲ ಹೆಂಗಿತ್ತೊ ಹಂಗಽ ಮಾಡ್ರಿ' ಅಂತ ಅತ್ತಬಿಟ್ರು. ಮೂವತ್ತು ವರ್ಷದಾಗ ಸೈಕಲ್ ಸಲುವಾಗಿ ಅತ್ತವ್ರನ್ನ ನೋಡಿಲ್ರಿ ನಾ. ಗೋಡೌನಿನ್ಯಾಗ ಹಳೇ ನಮೂನಿದು ಇದೊಂದಽ ಇತ್ತು."

"ಆ ಎರಡು?"

"ನಿಮಗ ಬ್ಯಾಡಂದ್ರಲ್ರಿ. ಮಾರಿ ಹೋದ್ವು. ಇನ್ನ ಬರೂದು ದೀಪಾವಳಿಗೇ."

ಏಕನಾಥನಿಗೆ ಒಂದೊಂದಾಗಿ ಎಲ್ಲ ಹೊಳೆಯಿತು: ರೊಟ್ಟಿ, ವಿಭೂತಿ, ಹಗ್ಗ, ಹತ್ತು ವರ್ಷ. ಸಿಟ್ಟು ನೆತ್ತಿಗೇರಿತು. ಅತ್ತ ದ್ಯಾಮಣ್ಣ, ಗೌಸಮೊದ್ದೀನ ಕೊಟ್ಟ ಅಂಗಡಿಯ ಚೀಟಿಯನ್ನು ಓದದೆಯೇ ಕಣ್ಣಿಗೊತ್ತಿಕೊಂಡು ಸಾರುತ್ತಿದ್ದ: "ಆರ್ಡರ್ ಬಂತು! ಸಾಹೇಬ್ರು ತಾವಽ ತಂದಾರ! ಮ್ಯಾಲೊಂದು ಸರಕಾರಿ ಸೈಕಲ್!"

ಕಿರುಚಬೇಕೆಂದು ಏಕನಾಥ ಬಾಯಿ ತೆರೆದ. ಮುರಿಗೆವ್ವ ಆ ಬಾಯಿಗೆ ಇಡೀ ಪೇಢೆ ತುರುಕಿದಳು. "ನಿನ್ನ ಆರ್ಡರ್ ಬರೂತನಕಾ ಹನಿ ನೀರ ಮುಟ್ಟೂದಿಲ್ಲ ಅಂತ ಮುಂಜಾನೆಯಿಂದ ಉಪಾಸ ಇದ್ದೇನಪ್ಪಾ," ಎಂದಳು. ಒಣಗಿದ ತುಟಿ, ಕಣ್ಣಲ್ಲಿ ನೀರು. ತನಗಾಗಿ ಹೊರಗಿನವರು ಅತ್ತದ್ದನ್ನು ಏಕನಾಥ ಈ ಮೊದಲು ಕಂಡಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು. ಅರ್ಧ ಪೇಢೆಯಿಂದ, ಅರ್ಧ ಪ್ರೀತಿಯಿಂದ. ಸತ್ಯವನ್ನು ಪೇಢೆಯ ಜೊತೆಗೇ ನುಂಗಿದ.

ಅದೇ ಹೊತ್ತಿಗೆ ಸಾಲಿಯಿಂದ ಬಂದ ಗಾರ್ಗಿಗೆ ದೂರದಿಂದ ಕಂಡದ್ದು ಅಂಗಳದ ತುಂಬ ಜನ, ಗಂಡನ ಕೊರಳಲ್ಲಿ ಮಾಲೆ. ಹೆಣಕ್ಕೆ ಹಾಕಿದ ಮಾಲೆಯೆಂದೇ ಅವಳು ಬಗೆದಳು. ಗಂಡ ಪೇಢೆ ಅಗಿಯುತ್ತಿರುವುದು ಕಂಡ ಮೇಲೆ ಉಸಿರು ಬಂತು. ಹತ್ತಿರ ಬಂದು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕ್ಯಾರಿಯರನ್ನು ಒತ್ತಿ ನೋಡಿದಳು.

"ಇದನ್ನ ಖರೇನ ನೀವಽ ಆರಿಸಿದ್ರೀ?"

ಏಕನಾಥ ಮುರಿಗೆವ್ವನ ಕಡೆ ನೋಡಿದ. ಹೌದೆಂದು ತಲೆಯಾಡಿಸಿದ.

"ಅಂತೂ ಜನ್ಮದಾಗ ಒಮ್ಮೆರ ಶಾಣ್ಯಾತನಾ ಮಾಡಿದ್ರಿ! ಗ್ಯಾಸಿನ ಸಿಲಿಂಡರ್ ಆರಾಮ ಕೂಡ್ತದ. ರವಿವಾರ ಗುಡ್ಡಾ-ಗಿಡ್ಡಾ ಏನೂ ಬ್ಯಾಡ, ಜೋಳದ ಚೀಲಾ ಗಿರಣಿಗೆ ಹಾಕ್ಕೊಂಡ ಬರ್ರಿ."

"ನಂದೂ ಒಂದು ಚೀಲಾ ಐತಿ," ಎಂದಳು ಮುರಿಗೆವ್ವ.

ಎಲ್ಲರ ಒತ್ತಾಯಕ್ಕೆ ಏಕನಾಥ ಮಾಲೆಸಮೇತ ಸೈಕಲ್ ಹತ್ತಿ ಓಣಿಯಲ್ಲಿ ಹೊರಟ. ತಿರುವಿನಲ್ಲಿ ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ತಗ್ಗಿತ್ತು. ಗಾಲಿ ಅದರಲ್ಲಿ ಇಳಿದು ಎದ್ದಿತು. ಸೊಂಟದಿಂದ ನೆತ್ತಿಯವರೆಗೆ ಒಂದು ಮಿಂಚು ಹಾಯಿತು. "ಅವ್ವಾ!" ಎಂದು ಏಕನಾಥ ನರಳಿದ್ದು ಕೇಳಿ, ದ್ಯಾಮಣ್ಣ ಹಿಂದಿನಿಂದ ಕೈಯೆತ್ತಿ ಕೂಗಿದ:

"ಅಂಜಬ್ಯಾಡ ತಮ್ಮಾ! ನಾ ಇರೂತನಕಾ ನಿನಗ ಸಸ್ಪೆನ್ಶನ್ ಆಗಗೊಡೂದಿಲ್ಲ!"