ಫುಟ್‌ಬಾಲ್ ಕ್ಲಬ್ಬಿನ ಪಾಲುಪಟ್ಟಿ

ಹನುಮಯ್ಯ: ಐವತ್ತೊಂದು ಪರ್ಸೆಂಟ್ ನಿಮ್ದು ಅಂದ್ರೆ, ಹನ್ನೊಂದು ಜನದಲ್ಲಿ ನಿಮಗೆ ಐದೂವರೆ ಆಟಗಾರ ಬರ್ತಾರೆ. ಆ ಅರ್ಧ ಯಾರು ಅಂತ ಮೊದಲು ಹೇಳ್ಬಿಡಿ ಸಾರ್!

ಮಧ್ವೇಶ್: ಆಟಗಾರರನ್ನ ಹಂಚ್ಕೊಳ್ಳಲ್ಲ ಯಜಮಾನ್ರೇ. ಇದು ಇನ್ವೆಸ್ಟ್‌ಮೆಂಟ್.

ಕಾಮಾಕ್ಷಿಪಾಳ್ಯದ ಈ ಕ್ಲಬ್ಬನ್ನು ಮೂವತ್ತು ವರ್ಷಗಳಿಂದ ಹನುಮಯ್ಯನವರೇ ಅಧ್ಯಕ್ಷರಾಗಿ ಎಳೆದುಕೊಂಡು ಬಂದಿದ್ದಾರೆ. ಈ ಸಲ ಲೀಗಿಗೆ ಹೆಸರು ಕೊಡುವುದಕ್ಕೂ ಕಾಸಿಲ್ಲ. ದುಡ್ಡು ಹಾಕಲು ಮುಂದೆ ಬಂದ ಹಾಸಿಗೆ ಕಾರ್ಖಾನೆಯ ಮಾಲೀಕ ಮಧ್ವೇಶ್ ಬಸವೇಶ್ವರನಗರದಿಂದ ಕರಾರುಪತ್ರ ಹಿಡಿದು ಇವರ ಮನೆಗೇ ಬಂದು ಕೂತಿದ್ದಾರೆ. ಆದರೆ ಹನುಮಯ್ಯನವರು ಬೀದಿಯ ಅಣ್ಣತಮ್ಮಂದಿರಿಗೆಲ್ಲ ಆಸ್ತಿ ಪಾಲು ಮಾಡಿಸಿದ ಹಿರಿಯರು. ಅವರಿಗೆ ಬರುವುದು ಅದೊಂದೇ ವಿದ್ಯೆ.

ಹನುಮಯ್ಯ: ಪದ್ಧತಿ ಅಂತ ಒಂದೈತೆ. ದೊಡ್ಡೋನು ಭಾಗ ಮಾಡ್ಬೇಕು, ಚಿಕ್ಕೋನು ಮೊದಲು ಆರಿಸ್ಕೋಬೇಕು. ನಾನು ಮಾಡಿಟ್ಟಿದೀನಿ. ಒಂದು ಭಾಗಕ್ಕೆ ಗೋಲ್‌ಕೀಪರ್, ಡಿಫೆಂಡರ್‌ಗಳು, ಬಾಲು. ಇನ್ನೊಂದಕ್ಕೆ ಫಾರ್ವರ್ಡ್‌ಗಳು, ಪಂಪು.

ಮಧ್ವೇಶ್: ಬಾಲ್ ಒಬ್ಬರ ಹತ್ರ, ಪಂಪ್ ಇನ್ನೊಬ್ಬರ ಹತ್ರಾನಾ?

ಹನುಮಯ್ಯ: ಮತ್ತೆ? ಬಾವಿ ಅಣ್ಣಂಗೆ, ಹಗ್ಗ ತಮ್ಮಂಗೆ. ಆಗ್ಲೇ ಮಾತು ಬಿಡದೆ ಇರ್ತಾರೆ. ಗೋಲ್‌ಪೋಸ್ಟ್ ಒಂದೊಂದು. ಅಲ್ಲಾಡೋದು ನಂಗಿರ್ಲಿ.

ಮಧ್ವೇಶ್: ಹಾಫ್‌ಟೈಮ್‌ನಲ್ಲಿ ಕಡೆ ಬದಲಾಯಿಸ್ತಾರಲ್ಲ!

ಹನುಮಯ್ಯ: ದಾರಿ ಬಿಡ್ತೀನಿ ಸಾರ್. ಬೇಕಾದ್ರೆ ಬರ್ಕೊಡ್ತೀನಿ.

ಮಧ್ವೇಶ್ ತಲೆ ಚಚ್ಚಿಕೊಂಡು ಹಾಳೆ ತಿರುಗಿಸಿದರು.

ಮಧ್ವೇಶ್: ಐದನೇ ಕಲಂ ಓದಿದ್ರಾ? ಸಹಿ ಆದ ದಿನವೇ ಹಳೇ ಅಧ್ಯಕ್ಷರು ನಿವೃತ್ತಿ.

ಹನುಮಯ್ಯನವರು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಕ್ಲಬ್ ಉಳಿಯಬೇಕಾದರೆ ತಾವು ಹೋಗಬೇಕು. ಅಳುವೇ ಬಂತು. ಆದರೂ ಜೇಬಿನಿಂದ ಪೆನ್ನು ತೆಗೆದರು.

ಹನುಮಯ್ಯ: ಹುಡುಗ್ರು ಆಡ್ಲಿ. ಎಲ್ಲಿ ಹಾಕ್ಬೇಕು ಸಹಿ?

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಇಂದ್ರಮ್ಮ ಎದ್ದು ಬಂದು ಪೆನ್ನು ಕಿತ್ತುಕೊಂಡರು.

ಇಂದ್ರಮ್ಮ: ತಡೀರಿ. ಬಾಲು, ಪಂಪು ಎಲ್ಲಾ ಹಂಚಿದ್ರಿ. ವಯಸ್ಸಾದೋರನ್ನ ಯಾರು ನೋಡ್ಕೋಬೇಕು ಅಂತ ತೀರ್ಮಾನ ಆಗ್ದೆ ಯಾವ ಮನೆ ಪಾಲು ಆಗಿದೆ?

ಮಧ್ವೇಶ್: ಇಲ್ಲಿ ವಯಸ್ಸಾದೋರು ಯಾರಮ್ಮ?

ಇಂದ್ರಮ್ಮ: ಇಗೋ, ಮೂಗು ಒರೆಸ್ಕೊಂಡು ಕೂತವ್ರಲ್ಲ. ಆರು ತಿಂಗಳು ನಿಮ್ಮ ಹತ್ರ, ಆರು ತಿಂಗಳು ನನ್ನ ಹತ್ರ. ಲೀಗ್ ನಡೆಯೋವಾಗ ನೀವಿಟ್ಕೊಳ್ಳಿ. ಒಂದು ಗೋಲ್ ಬಿದ್ರೆ ಊಟ ಬಿಡ್ತಾರೆ, ನನ್ನ ಕೈಲಿ ಸಮಾಧಾನ ಮಾಡಕ್ಕಾಗಲ್ಲ. ಹಂಗೇ ಬರೀರಿ. ಇಲ್ದಿದ್ರೆ ಪೆನ್ನು ಕೊಡಲ್ಲ.

ಮಧ್ವೇಶ್ ನಿಟ್ಟುಸಿರು ಬಿಟ್ಟು ಐದನೇ ಕಲಂ ಹೊಡೆದುಹಾಕಿದರು. 'ವರ್ಷಕ್ಕೆ ಆರು ತಿಂಗಳು ಹನುಮಯ್ಯನವರೇ ಅಧ್ಯಕ್ಷರು' ಎಂದು ಬರೆದರು. ಇಬ್ಬರ ಸಹಿಯೂ ಬಿತ್ತು. ಹನುಮಯ್ಯನವರು ತಕ್ಷಣ ಕುರ್ಚಿ ಎಳೆದುಕೊಂಡು ಮಧ್ವೇಶರ ಮಗ್ಗುಲಿಗೆ ಬಂದರು.

ಹನುಮಯ್ಯ: ಮೊದಲನೇದು, ಜರ್ಸಿ ಮೇಲೆ ಹಾಸಿಗೆ ಚಿತ್ರ ಬೇಡ, ನೋಡ್ತಿದ್ರೆ ಹುಡುಗ್ರಿಗೆ ನಿದ್ದೆ ಬರ್ತದೆ. ಎರಡನೇದು, ನೀವು ತರ್ತೀನಿ ಅಂದ ಕೋಚು ಸರಿಯಿಲ್ಲ. ಮೂರನೇದು...

ಮಧ್ವೇಶ್: (ಮೆಲ್ಲಗೆ) ಅಮ್ಮಾ, ಆರು ತಿಂಗಳು ಅನ್ನೋದನ್ನ ಮೂರು ಮಾಡ್ಬೋದಾ?

ಇಂದ್ರಮ್ಮ: ಇವರ ಬಟ್ಟೆ ಗಂಟು ಕಟ್ಟಾಯ್ತಪ್ಪ. ಹೋಗಿ ಕಾರಿನ ಡಿಕ್ಕಿ ತೆಗಿ.