ಭಾವನ ಮೀನಿಗೊಂದು ಜೊತೆ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಹಗಲೆಲ್ಲ ಮನುಷ್ಯರನ್ನು ಬೇರೆ ಬೇರೆ ಮಾಡುತ್ತಾರೆ. ಸಂಜೆಯಾದರೆ ಮೀನುಗಳನ್ನು ಒಂದುಗೂಡಿಸುತ್ತಾರೆ. ಈ ಮಾತನ್ನು ನಾನು ಅವರ ಎದುರಿಗೇ ಹೇಳಿದ್ದೇನೆ. ಬೇಸರವೇನೂ ಮಾಡಿಕೊಳ್ಳಲಿಲ್ಲ. "ಎರಡನೇ ಕೆಲಸ ಕಷ್ಟ ಕಣಮ್ಮ" ಅಂದರು, ಅಷ್ಟೆ!

ಭಾವ ಬೇಲೂರಿನಲ್ಲಿ ಪತ್ರ ಬರಹಗಾರರು. ಅಣ್ಣತಮ್ಮಂದಿರ ವಿಭಾಗಪತ್ರ ಬರೆಯುವುದಕ್ಕೆ ಹಳೇಬೀಡು, ಮಾದಿಹಳ್ಳಿ ಕಡೆಯವರಿಗೆಲ್ಲ ಅವರೇ ಆಗಬೇಕು. ತೆಂಗಿನಮರ ಯಾರಿಗೆ, ಪಕ್ಕದ ಗದ್ದೆಗೆ ಬಿದ್ದ ಕಾಯಿ ಯಾರಿಗೆ ಎನ್ನುವುದನ್ನೂ ಬಿಡದೆ ಬರೆಯುತ್ತಾರೆ. ಇಷ್ಟು ಜನರನ್ನು ಒಡೆದ ಮೇಲೆ ಮನೆಗೆ ಬಂದು, ಕೈಕಾಲು ತೊಳೆದು, ನಡುಮನೆಯ ಆರಡಿ ಉದ್ದದ ಗಾಜಿನ ತೊಟ್ಟಿಯ ಮುಂದೆ ಕೂರುತ್ತಾರೆ. ಅದರೊಳಗೊಂದು ಆಸ್ಕರ್ ಮೀನು. ಹೆಸರು ಕೇಳಿ ಅದಕ್ಕೇನೋ ಪ್ರಶಸ್ತಿ ಬಂದಿದೆ ಅಂದುಕೊಳ್ಳಬೇಡಿ. ಕಪ್ಪು ಮೈ, ಕೆಂಡದಂಥ ಪಟ್ಟೆ, ಅಂಗೈಗಿಂತ ದೊಡ್ಡ ದೇಹ, ದೇಹಕ್ಕಿಂತ ದೊಡ್ಡ ಸಿಟ್ಟು! ಭಾವ ಅದನ್ನು 'ಯಜಮಾನರು' ಎನ್ನುತ್ತಾರೆ. ಮದುವೆಯಾದಾಗಿನಿಂದ ಅಕ್ಕ ಭಾವನನ್ನು ಹಾಗೆ ಕರೆಯುತ್ತಿದ್ದಳು. ಮೀನು ಬಂದ ಮೇಲೆ ಬಿಟ್ಟಳು.

"ಯಜಮಾನ್ರು ಊಟ ಮಾಡ್ತಿದಾರೆ ಅಂದ್ರೆ, ಯಾರು, ಮೀನಾ ಅಂತ ಕೇಳ್ತಾರೆ ಕಣೇ. ನಂಗೆ ಬೇಕಾ ಇದು?"

ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ದಿನಾ ಬೆಳಿಗ್ಗೆ ಭಾವ ಅದರ ಮುಂದೆ ನಿಂತು, ಜೀವಹಿಂಸೆ ಮಾಡುವುದಿಲ್ಲ ಎಂದು ಕಣ್ಣುಮುಚ್ಚಿ ಹೇಳಿಕೊಳ್ಳುತ್ತಾರೆ. ಕಣ್ಣು ಬಿಟ್ಟರೆ ಎದುರಿಗೆ ಈ ಮಹಾನುಭಾವ! ಹಾಗಾಗಿ ಯಜಮಾನರಿಗೆ ಜೀವಂತ ಆಹಾರವಿಲ್ಲ, ಒಣ ಗುಳಿಗೆಯೇ ಗತಿ. ಆದರೆ ಒಂಟಿಯಾಗಿದ್ದರೆ ಅದಕ್ಕೆ ಬೇಜಾರಾಗುತ್ತದಂತೆ. ಮೀನಿನ ಬೇಜಾರು ಇವರಿಗೆ ಹೇಗೆ ತಿಳಿಯಿತು? ಹೆಂಡತಿಯ ಬೇಜಾರೇ ಈವರೆಗೆ ತಿಳಿದಿಲ್ಲ! ಅಂತೂ ಕನಿಕರಪಟ್ಟು ಆರು ಚಿನ್ನದ ಬಣ್ಣದ ಮೀನು ತಂದು ಬಿಟ್ಟರು. ಟೀ ಕುಡಿದು ಬರುವಷ್ಟರಲ್ಲಿ ಎರಡು ಉಳಿದಿದ್ದವು. ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಅವೂ ಇರಲಿಲ್ಲ.

ಭಾವ ಆ ದಿನ ಉಣ್ಣಲಿಲ್ಲ. ಯಜಮಾನರೂ ಉಣ್ಣಲಿಲ್ಲ. ಕಾರಣಗಳು ಬೇರೆ ಬೇರೆ.

ಮರುದಿನದಿಂದ ಸಂಶೋಧನೆ ಶುರುವಾಯಿತು. ಗುಳಿಗೆ ತೋರಿಸಿ ಬಾಯಿ ತೆರೆಸಿ, ಗಾಜಿನಾಚೆಯಿಂದ ಸ್ಕೇಲು ಹಿಡಿದು ಅಗಲ ಅಳೆದರು. ಬಾಯೊಳಗೆ ಹಿಡಿಸುವುದು ಜೊತೆಗಾರನಲ್ಲ, ಊಟ. ಇದು ಮೊದಲ ಶೋಧ. ತೀರಾ ಜಗಳಗಂಟಿ ಆಗಬಾರದು, ತೀರಾ ಪಾಪದ್ದೂ ಆಗಬಾರದು; ಇದು ಎರಡನೆಯದು. ಇದನ್ನು ಕಂಡುಹಿಡಿಯಲು ಆರು ಜೀವ ಹೋಗಬೇಕಿತ್ತೇ?

ಇದರಿಂದ ಹಾಳಾಗಿದ್ದು ನನ್ನ ಭಾನುವಾರಗಳು. ನಾನು ಅರಸೀಕೆರೆಯಲ್ಲಿ ಹೈಸ್ಕೂಲ್ ಮೇಡಂ. ಮೀನಿನ ಅಂಗಡಿಯೂ ಅರಸೀಕೆರೆಯಲ್ಲೇ, ರೈಲ್ವೆ ಸ್ಟೇಷನ್ನಿನ ಹತ್ತಿರ. ಭಾವ ಫೋನಿನಲ್ಲಿ ಹೇಳಿಕೊಟ್ಟ ಪ್ರಶ್ನೆಗಳನ್ನೆಲ್ಲ ನಾನು ಅಂಗಡಿಯವನ ಮುಂದೆ ಒಪ್ಪಿಸಬೇಕು: ಪೂರ್ತಿ ಬೆಳೆದರೆ ಎಷ್ಟು ಉದ್ದ? ಮೇಲೆ ಈಜುತ್ತದೋ, ತಳದಲ್ಲೋ? ಹಿಂದೆ ಯಾರ ಜೊತೆಗಿತ್ತು? ಅವರೆಲ್ಲ ಈಗ ಹೇಗಿದ್ದಾರೆ?

ಅಂಗಡಿಯವನು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಹೇಳಿ, ಕೊನೆಗೆ ಕೇಳಿದ: "ಮೇಡಂ, ನಿಮಗೆ ಮೀನು ಬೇಕಾ, ಅಳಿಯ ಬೇಕಾ?"

ಮೊದಲು ಆರಿಸಿದ್ದು ನಾಲ್ಕು ಸಿಲ್ವರ್ ಡಾಲರ್. ಹೆಸರಿಗೆ ತಕ್ಕ ಹಾಗೆ ದುಂಡಗೆ, ಬೆಳ್ಳಗೆ, ಸಾಸರಿನಷ್ಟು ಅಗಲ. ಯಾವ ಬಾಯಿಗೂ ಹಿಡಿಸುವುದಿಲ್ಲ. ನೀರು ತುಂಬಿದ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬೇಲೂರಿನ ಬಸ್ಸಿನಲ್ಲಿ ಕೂತೆ. ಜಾವಗಲ್ಲಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಕ್ಯಾನಿನೊಳಗೆ ಇಣುಕಿದಳು.

"ಸಾರಿಗಾ ಮಗ?"

"ಅಲ್ಲಜ್ಜಿ. ಇನ್ನೊಂದು ಮೀನಿನ ಜೊತೆ ಬಿಡೋಕೆ."

"ಆ ಮೀನು ತಿನ್ನಾಕಾ?"

"ಅದು ತಿನ್ನಬಾರದು ಅಂತಲೇ ಇಷ್ಟು ದೊಡ್ಡವು ತಗೊಂಡಿರೋದು."

ಅಜ್ಜಿ ಮತ್ತೊಮ್ಮೆ ಕ್ಯಾನಿನೊಳಗೆ ಇಣುಕಿದಳು. "ನೀನೂ ತಿನ್ನಕಿಲ್ಲ, ಅದೂ ತಿನ್ನಂಗಿಲ್ಲ. ಮತ್ಯಾಕವ್ವ ಈ ಭಾರ ಹೊತ್ಕಂಡು ಓಗ್ತಿದ್ದೀಯ?"

ಹಳೇಬೀಡು ದಾಟುವವರೆಗೂ ಆ ಪ್ರಶ್ನೆಯನ್ನೂ ಕ್ಯಾನಿನ ಜೊತೆಗೇ ಹೊತ್ತುಕೊಂಡು ಹೋದೆ.

ಭಾವನಿಗೆ ಇಂಥ ಪ್ರಶ್ನೆಗಳೇ ಇರಲಿಲ್ಲ. ಕಾಗದದ ಮೇಲೆ ತೊಟ್ಟಿಯ ನಕ್ಷೆ ಬರೆದು, ಜಮೀನಿನ ಪತ್ರದಲ್ಲಿ ಎಲ್ಲೆ ಬರೆಯುವಂತೆ ಚಕ್ಕುಬಂದಿ ಹಾಕಿದರು. ಪೂರ್ವಕ್ಕೆ ಕಲ್ಲು, ಪಶ್ಚಿಮಕ್ಕೆ ಫಿಲ್ಟರ್. ನಡುವಿನ ನೀರು ಯಜಮಾನರದ್ದು. ಸಿಲ್ವರ್ ಡಾಲರ್‌ಗಳಿಗೆ ಅಲ್ಲಿ ಓಡಾಡುವ ಹಕ್ಕು ಮಾತ್ರ. ತಳದಲ್ಲಿ ಕಲ್ಲಿನ ಪಾಚಿ ನೆಕ್ಕುವ ಒಂದು ಒರಟು ಚರ್ಮದ ಮೀನು. ಮೇಲ್ಮಟ್ಟಕ್ಕೆ ಕತ್ತಿಯಂತೆ ಉದ್ದನೆಯ ಅರೋವಾನಾ. ಹೊಸದಾಗಿ ಬಂದವರನ್ನು ಹದಿನೈದು ದಿನ ಜಾಲರಿಯ ಆಚೆಗಿಟ್ಟು, ಮುಖ ಪರಿಚಯವಾದ ಮೇಲೆ ಒಳಗೆ ಬಿಡುತ್ತಿದ್ದರು. ಇಷ್ಟು ಎಚ್ಚರಿಕೆಯಿಂದ ನಮ್ಮಪ್ಪ ನನ್ನ ಮದುವೆಯನ್ನೂ ಮಾಡಲಿಲ್ಲ!

ವರ್ಷಗಳೇ ಹಿಡಿದವು. ಆದರೆ ಒಂದು ದಿನ ನಿಜವಾಗಿಯೂ ಎಲ್ಲ ಮೀನುಗಳೂ ಕಚ್ಚದೆ, ಅಟ್ಟಾಡಿಸದೆ, ಒಟ್ಟಿಗೆ ಉಂಡವು. ಆ ಹೊತ್ತಿಗೆ ಸರಿಯಾಗಿ ಹುಲಿಕೆರೆಯ ಇಬ್ಬರು ಅಣ್ಣತಮ್ಮಂದಿರು ವಿಭಾಗಪತ್ರಕ್ಕೆಂದು ಮನೆಗೇ ಬಂದು ಕುಳಿತಿದ್ದರು. ಅಣ್ಣನ ಕಣ್ಣು ತೊಟ್ಟಿಯ ಮೇಲೆ ಬಿತ್ತು.

"ನೋಡ್ಲಾ, ಮೀನು ಕೂಡ ಎಷ್ಟು ಚೆಂದಾಗಿ ಒಂದೇ ಮನೇಲವೆ."

"ಅವುಕ್ಕೇನಣ್ಣ, ಜಗಳಾಡಾಕೆ ಬೋರ್‌ವೆಲ್ಲಾ ಐತೆ?" ಅಂದ ತಮ್ಮ.

ಪತ್ರ ಅದೇ ವಾರ ನೋಂದಣಿಯಾಯಿತು.

ಕಳೆದ ವರ್ಷದವರೆಗೂ ಈ ಸಂಸಾರ ನಡೆಯಿತು. ಆಮೇಲೆ ಯಜಮಾನರು ಗುಳಿಗೆ ಹಿಡಿಯುವುದರಲ್ಲಿ ತಪ್ಪತೊಡಗಿದರು. ಬಾಯಿ ತೆರೆದರೆ ಗುಳಿಗೆ ಪಕ್ಕದಲ್ಲಿ ತೇಲಿಹೋಗುತ್ತಿತ್ತು. ಮೊದಮೊದಲು ಭಾವ ಅದನ್ನು ಜಂಬ ಅಂದುಕೊಂಡರು. ಒಂದು ದಿನ ಅದು ನೇರವಾಗಿ ಹೋಗಿ ಕಲ್ಲಿಗೆ ಮುಖ ಹೊಡೆದುಕೊಂಡಿತು. ಟಾರ್ಚು ಬಿಟ್ಟು ನೋಡಿದರೆ ಎರಡು ಕಣ್ಣಿಗೂ ಬಿಳಿ ಪೊರೆ.

ನೀರಿನೊಳಗಿನ ಸುದ್ದಿ ಬೇಗ ಹರಡುತ್ತದೆ. ಇಷ್ಟು ವರ್ಷ ದಾರಿ ಬಿಡುತ್ತಿದ್ದ ಸಿಲ್ವರ್ ಡಾಲರ್‌ಗಳು ಒಂದೊಂದಾಗಿ ಬಂದು ಅದರ ರೆಕ್ಕೆ ಕಿತ್ತವು. ಅರೋವಾನಾ ಅದರ ಬಾಯಿಯ ಹತ್ತಿರದಿಂದಲೇ ಊಟ ಕಸಿಯಿತು. ಭಾವ ಫೋನ್ ಮಾಡಿದಾಗ ದನಿ ಅವರದ್ದೇ ಅನ್ನಿಸಲಿಲ್ಲ.

"ಅವನಿಗೆ ಎಲ್ಲಾ ಸೇರ್ಕೊಂಡು ಕಚ್ತಿದಾವೆ ಕಣಮ್ಮ. ಎಲ್ಲಿಂದ ಅಂತ ಅವನಿಗೆ ಗೊತ್ತಾಗ್ತಿಲ್ಲ."

ನಾನು ಅಂಗಡಿಯವನನ್ನು ಕೇಳಿದೆ. "ವಯಸ್ಸಾಗಿದೆಯಲ್ಲ ಮೇಡಂ, ಅದನ್ನ ತೆಗೆದುಬಿಡಿ. ಮಿಕ್ಕವು ಒಳ್ಳೆ ಜೋಡಣೆ. ಅಂಥ ಜೋಡಣೆ ಕುದುರೋದು ಅಪರೂಪ" ಅಂದ. ನನಗೂ ಅದೇ ಸರಿ ಅನ್ನಿಸಿತು, ಭಾವನಿಗೆ ಹಾಗೇ ಹೇಳಿದೆ. ಅವರು, "ಭಾನುವಾರ ಬಾ. ಕ್ಯಾನು ತಗೊಂಡು ಬಾ" ಎಂದು ಫೋನ್ ಇಟ್ಟರು.

ಮುದಿ ಮೀನನ್ನು ಒಯ್ಯಬೇಕೆಂದುಕೊಂಡು ಹೋದೆ. ಭಾವ ಬಲೆ ಹಿಡಿದು ಸಿಲ್ವರ್ ಡಾಲರ್‌ಗಳನ್ನು ಒಂದೊಂದಾಗಿ ನನ್ನ ಕ್ಯಾನಿಗೆ ಹಾಕಿದರು. ತಳದ ಮೀನನ್ನು ಬಕೆಟ್ಟಿಗೆ ಬಿಟ್ಟರು. ಅರೋವಾನಾಗೆ ಡ್ರಮ್ಮು, ಎಲ್ಲವನ್ನೂ ಅರಸೀಕೆರೆಯ ಅಂಗಡಿಗೇ ವಾಪಸ್ ಒಯ್ಯಲು ಒಂದು ಗೂಡ್ಸ್ ಆಟೋ ಬಂದು ನಿಂತಿತ್ತು. ಆ ತೊಟ್ಟಿಯನ್ನು ಇಷ್ಟು ವರ್ಷ ಬೈದ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಾನೂ ಕೊಟ್ಬಿಡ್ತೀರಾ? ಆ ಉದ್ದಂದು ಒಂದಾದ್ರೂ ಇರ್ಲಿ, ನೋಡೋಕೆ ಚೆನ್ನಾಗಿದೆ."

"ಅದಿದ್ರೆ ಇವನು ಉಣ್ಣಲ್ಲ" ಅಂದರು ಭಾವ.

ಬೇಸಿಗೆ ರಜೆಯಲ್ಲಿ ಮತ್ತೆ ಬೇಲೂರಿಗೆ ಹೋದೆ. ಭಾವನನ್ನು ಚುಚ್ಚುವುದಕ್ಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಕೂಡಿಸಿಕೊಂಡಿದ್ದೆ. ನಡುಮನೆಗೆ ಕಾಲಿಟ್ಟರೆ, ಭಾವ ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳು ಮಡಿಸಿ, ಕೈಯನ್ನು ಮೊಣಕೈಯವರೆಗೂ ನೀರಿಗೆ ಬಿಟ್ಟಿದ್ದರು. ಅಂಗೈಯ ಮೇಲೆ ಹರಿದ ರೆಕ್ಕೆಯ ಆ ಮೀನು ಮೈ ಒರಗಿಸಿಕೊಂಡಿತ್ತು. ಇನ್ನೊಂದು ಕೈಯಿಂದ ಭಾವ ಗುಳಿಗೆಯನ್ನು ಅದರ ತುಟಿಗೆ ತಾಗಿಸುತ್ತಿದ್ದರು. ತಾಗಿಸಿದಾಗ ಬಾಯಿ ತೆರೆಯುತ್ತಿತ್ತು.

"ಮೊದಲು ಎಷ್ಟೋ ದಿನ ಹತ್ರಾನೇ ಬರ್ಲಿಲ್ಲ ಕಣೇ" ಅಂದಳು ಅಕ್ಕ, ಮೆಲ್ಲಗೆ. "ಇವರು ದಿನಾ ಹಂಗೇ ಕೈ ಬಿಟ್ಕೊಂಡು ಕೂತಿರೋರು. ನೀರಲ್ಲಿ ನೆಂದು ಚರ್ಮವೆಲ್ಲ ಸುಕ್ಕಾಗೋದು."

ಭಾವ ತಿರುಗದೆಯೇ ಹೇಳಿದರು: "ಕೈ ತೊಳ್ಕೊಂಡು ಬಾರಮ್ಮ. ಸೋಪು ಹಾಕ್ಬೇಡ. ಬಳೆ ತೆಗೆದಿಡು, ಸದ್ದಾದ್ರೆ ಹೆದರ್ತಾನೆ."

ಬಳೆ ತೆಗೆದಿಟ್ಟು, ಅವರ ಕೈಯ ಪಕ್ಕದಲ್ಲಿ ನನ್ನ ಕೈಯನ್ನು ನೀರಿಗೆ ಇಳಿಸಿದೆ. ಮೀನು ನಿಧಾನವಾಗಿ ತಿರುಗಿತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಾಯಿಂದ ಮುಟ್ಟುತ್ತಾ ಬಂತು.

"ಎಳ್ಕೋಬೇಡ" ಎಂದು ಭಾವ ಪಿಸುಗುಟ್ಟಿದರು. "ಯಾರು ಬಂದ್ರು ಅಂತ ನೋಡ್ತಿದಾನೆ."

ನಾನು ಕೈ ಎಳೆದುಕೊಳ್ಳಲಿಲ್ಲ.