ಜಂಪರಿನ ಅಳತೆ ಮತ್ತು ರಾಕ್ಷಸರ ವಿಮರ್ಶೆ

ನಮ್ಮ ಸೋದರತ್ತೆ ಈವರೆಗೆ ನೂರಾರು ರಾಕ್ಷಸರನ್ನು ಕೊಂದಿದ್ದಾರೆ. ಆದರೆ ಒಬ್ಬನನ್ನೂ ಅವನ ಅಂಗಿಯ ಹೊಲಿಗೆ ನೋಡದೆ ಕೊಂದವರಲ್ಲ! ಬಸವಕಲ್ಯಾಣದ ಪೇಟೆಯಲ್ಲಿ ಇಪ್ಪತ್ತೈದು ವರ್ಷದಿಂದ ಜಂಪರ್ ಹೊಲಿಯುತ್ತಿರುವ ಹೆಂಗಸಿಗೆ ವಿಡಿಯೋ ಗೇಮಿನ ಹುಚ್ಚು ಹಿಡಿದರೆ ಇನ್ನೇನಾದೀತು ಹೇಳಿ?

ಆ ಹುಚ್ಚು ಹಿಡಿಸಿದ ಮಹಾಶಯ ನಾನೇ. ಹೈಸ್ಕೂಲಿಗೆ ಹೋಗುವಾಗ ಅವರ ಮನೆಯಲ್ಲಿದ್ದೆ. ಸಂಜೆ ಅಂಗಡಿ ಮುಚ್ಚಿ ಬಂದರೆಂದರೆ ಟೀವಿಯ ಮುಂದೆ ಚಾಪೆ ಹಾಸಿ ಇಬ್ಬರೂ ಆಡಲು ಕೂಡುತ್ತಿದ್ದೆವು. ಆಮೇಲೆ ನಾನು ಹುಮನಾಬಾದಿಗೆ ಬಂದು ಬೀಜ-ಗೊಬ್ಬರದ ಅಂಗಡಿ ಇಟ್ಟೆ. ಆಟ ಅತ್ತೆಯ ಹತ್ತಿರವೇ ಉಳಿಯಿತು. ಆಡುವುದು ಸಾಲದೆಂದು ಮೂರು ವರ್ಷದ ಹಿಂದೆ ವಿಮರ್ಶೆ ಬರೆಯಲು ಬೇರೆ ಕುಳಿತರು!

ವಿಮರ್ಶೆಗೆಂದು ಬೇರೆ ಪುಸ್ತಕ ಗಿಸ್ತಕ ಇಲ್ಲ. ಅಂಗಡಿಯ ಅಳತೆ ಪುಸ್ತಕದಲ್ಲೇ ಎಡಗಡೆ ಗಿರಾಕಿಗಳ ಜಂಪರಿನ ಅಳತೆ, ಬಲಗಡೆ ವಿಮರ್ಶೆ. ಬರೆದಾದ ಮೇಲೆ ಫೋಟೋ ತೆಗೆದು ಮನೆಮಂದಿಯ ಮೊಬೈಲ್ ಗ್ರೂಪಿಗೆ ಹಾಕುತ್ತಾರೆ. ಹಾಕಿ ಐದು ನಿಮಿಷಕ್ಕೆ ನನಗೆ ಫೋನು. "ಓದಿದೇನೋ ತಮ್ಮಾ?" ಪಾಪ, ಅವರಿಗೆ ಬೇಕಾಗಿದ್ದು ಇಷ್ಟೇ: ತಾನು ಬರೆದದ್ದನ್ನು ಯಾರಾದರೊಬ್ಬರು ಪೂರ್ತಿ ಓದಬೇಕು.

ಬರವಣಿಗೆ ಹೇಗಿರುತ್ತಿತ್ತು ಅಂತೀರಾ? ಒಮ್ಮೆ ಭಯಂಕರ ಯುದ್ಧದ ಆಟವೊಂದರ ಬಗ್ಗೆ ಹೀಗೆ ಶುರು ಮಾಡಿದ್ದರು: "ಇಷ್ಟ್ ದೊಡ್ಡ ಲಢಾಯಿಗೆ ಹೊಂಟಾನ, ಬಗಲಾಗ ಜರಾ ಸಡಿಲ ಬಿಡಬೇಕೋ ಬ್ಯಾಡೋ? ಕತ್ತಿ ಎತ್ತಿದ್ರ ಅಂಗಿ ಪರ್ರಂತ ಹರೀತದ. ಆಟ ಮಾಡಿದವರಿಗೆ ಹೊಲಿಗಿ ಗೊತ್ತಿಲ್ಲ."

ಜಪಾನಿನ ಕಾರ್ಟೂನು ಧಾರಾವಾಹಿಗಳಾದ ಅನಿಮೆಗಳ ಮೇಲೂ ಅವರ ಕೃಪಾದೃಷ್ಟಿ ಉಂಟು. ಆದರೆ ಜಗತ್ತೆಲ್ಲ ಮೆಚ್ಚಿದ್ದು ಅವರಿಗೆ ಸೇರದು. ನಾಯಕ ಆಕಾಶಕ್ಕೆ ಹಾರಿ ಬೆಟ್ಟ ಪುಡಿ ಮಾಡಿದರೆ ಆಕಳಿಸುತ್ತಾರೆ. "ಐವತ್ತು ಭಾಗ ಮುಗೀತು, ಇನ್ನಾ ಅದೇ ಅಂಗಿ! ಒಗಿಯೋದು ಯಾವಾಗ?" ಯಾರೋ ಒಂದು ಹುಡುಗಿ ಸುಮ್ಮನೆ ಅನ್ನ ಮಾಡಿ, ಎದುರಿಗೆ ಕೂತವರಿಗೆ ಬಡಿಸಿ, ಇಬ್ಬರೂ ಮಾತಿಲ್ಲದೆ ಉಂಡರೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಳುವಂಥದ್ದು ಅದರಲ್ಲೇನಿದೆ ಅಂತ ನನಗಂತೂ ತಿಳಿಯುತ್ತಿರಲಿಲ್ಲ.

ನಾನು ಅವರ ಮನೆಯಲ್ಲಿದ್ದಾಗ ಆಡಿದ ಇನ್ನೊಂದು ಆಟವಿದೆ. ಅದರಲ್ಲಿ ಕಂಡವರ ಮನೆಗೆ ನುಗ್ಗಿ, ಮಡಕೆ ಒಡೆದು, ಒಳಗಿನ ಬಂಗಾರ ತೆಗೆದುಕೊಳ್ಳಬೇಕು. ಅತ್ತೆಯ ಶೂರ ಬಾಗಿಲಲ್ಲೇ ನಿಂತುಬಿಟ್ಟ!

"ಒಳಗ ಹೋಗ್ರಿ ಅತ್ತಿ," ಅಂದೆ.

"ಯಾರೂ ಬರ್ರಿ ಅಂದಿಲ್ಲಲ್ಲೋ!"

"ಆಟದಾಗ ಯಾರ್ ಅಂತಾರ್ರಿ?"

"ಮಂದಿ ಮನಿ ಮಡಕಿ ಒಡಿಯೋದು ಶೂರನ ಕೆಲಸೇನು? ಇಂವ ಕಳ್ಳ ಇದ್ದಾನ."

ಆ ಶೂರ ಇವತ್ತಿಗೂ ಆ ಹೊಸ್ತಿಲು ದಾಟಿಲ್ಲ. ಮುಂದೆ ವಿಮರ್ಶೆಯಲ್ಲೂ ಅವನನ್ನು ಕಳ್ಳನೆಂದೇ ಬರೆದರು.

ಇಂಥ ವಿಮರ್ಶೆಗಳ ಮೊದಲ ನಾಲ್ಕು ಸಾಲು ಓದಿ ನಗುತ್ತಿದ್ದೆ. ಅಷ್ಟರಲ್ಲಿ ಯಾವನೋ ಗಿರಾಕಿ ಬಂದು ಸೋಯಾ ಬೀಜ ಕೇಳುತ್ತಿದ್ದ. ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಮೊಬೈಲ್ ಕೆಳಗಿಡುತ್ತಿದ್ದೆ. ಬರಬರುತ್ತ ಆ ನಾಲ್ಕು ಸಾಲನ್ನೂ ಬಿಟ್ಟೆ. ಹೆಬ್ಬೆರಳು ಮಾತ್ರ ತಪ್ಪಿಸಲಿಲ್ಲ ನೋಡಿ!

ಒಂದು ದಿನ ಅತ್ತೆ ಗಡಿಬಿಡಿಯಲ್ಲಿ ಬಲಗಡೆಯ ಪುಟದ ಬದಲು ಎಡಗಡೆಯದರ ಫೋಟೋ ಹಾಕಿಬಿಟ್ಟರು. ನಮ್ಮ ಅಪ್ಪ, "ಭಾರಿ ಬರದಿ ತಂಗಿ" ಅಂದರು. ಕಾಕಾ ಎರಡು ಕೈ ಮುಗಿದರು. ನಾನು ಹೆಬ್ಬೆರಳು ಒತ್ತಿದೆ. ಫೋನು ಬಂತು.

"ಓದಿದೇನೋ ತಮ್ಮಾ?"

"ಓದೀನ್ರಿ ಅತ್ತಿ. ಏ, ಏನ್ ಬರದೀರಿ!"

"ಯಾವುದು ಹಿಡಿಸ್ತು?"

"ಕೊನಿಗಿ ಬರದೀರಲ್ಲ, ಅದು. ಮನಸಿಗಿ ನಾಟ್ತು ನೋಡ್ರಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಕೊನಿಗಿ 'ಹುಕ್ಕ ಏಳು, ಬೆನ್ನಿಗಿ ಲಾಡಿ' ಅಂತ ಬರದೀನಿ ತಮ್ಮಾ."

ಅತ್ತೆ ನಕ್ಕರು. ನಾನೂ ನಕ್ಕೆ. ಹೊಟ್ಟೆ ಹಿಡಿದು ನಕ್ಕೆವು. ಆದರೆ ಮುಂದಿನ ವಾರ ವಿಮರ್ಶೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಎರಡು ತಿಂಗಳು ಗ್ರೂಪಿನಲ್ಲಿ ಬರೀ ಹೂವಿನ ಗುಡ್ ಮಾರ್ನಿಂಗು!

ನನಗೆ ಹಳಹಳಿ ಶುರುವಾಯಿತು. ಓದದೇ ಇದ್ದದ್ದು ಬಾರದೆ ಹೋದರೆ ಇಷ್ಟು ಬಿಕೋ ಅನ್ನಿಸುತ್ತದೆಯೇ? ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗ್ರೂಪಿನ ಹಳೆಯ ಫೋಟೋಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದನ್ನೂ ಮೊದಲ ಸಲ ಕೊನೆಯವರೆಗೆ ಓದಿದೆ.

ಕಳ್ಳ ಶೂರನ ವಿಮರ್ಶೆಯ ಕೊನೆಗೆ ಹೀಗಿತ್ತು: "ಕತಿ ಸಪ್ಪಗ ಅದ. ಐತವಾರ ಹೋಳಿಗಿ ಮಾಡಾಕತ್ತೀನಿ." ಅನ್ನ ಬಡಿಸುವ ಹುಡುಗಿಯದರ ಕೊನೆಗೆ: "ಇದನ್ನ ಒಬ್ಬಾಕಿನೇ ಕುಂತು ನೋಡಬಾರದು. ಐತವಾರ ನಾ ಮನ್ಯಾಗೇ ಇರ್ತೀನಿ." ಇನ್ನೊಂದರಲ್ಲಿ: "ಈ ಆಟ ಒಬ್ಬರ ಕೈಲಿಂದ ಆಗಂಗಿಲ್ಲ. ಸೇತುವಿ ದಾಟಬೇಕಂದ್ರ ಆಚಿಗೊಬ್ಬರು ಈಚಿಗೊಬ್ಬರು ಹಗ್ಗ ಹಿಡೀಬೇಕು. ಐತವಾರ ಅಂಗಡಿ ಬಂದ್ ಇರ್ತದ."

ಒಂದನ್ನೂ ಬಿಡದೆ ಎಲ್ಲದರ ಕೊನೆಗೂ ಅದೇ ಐತವಾರ, ಅಂಗಡಿಗೆ ರಜೆಯ ಭಾನುವಾರ. ಮೂರು ವರ್ಷ ಅತ್ತೆ ನನ್ನನ್ನು ಕರೆಯುತ್ತಲೇ ಇದ್ದರು, ನಾನು ಹೆಬ್ಬೆರಳು ತೋರಿಸುತ್ತಿದ್ದೆ. ಹುಮನಾಬಾದಿನಿಂದ ಬಸವಕಲ್ಯಾಣವೇನು ಏಳು ಸಮುದ್ರದಾಚೆ ಇದೆಯೇ? ಬಸ್ಸು ಹತ್ತಿದರೆ ಒಂದು ತಾಸೂ ಬೇಕಾಗದ ಹಾದಿ.

ಆ ಭಾನುವಾರ ಹೋದೆ. ಅತ್ತೆ ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತ ಕೂತಿದ್ದರು.

"ಹಾದಿ ತಪ್ಪಿದೇನೋ?"

"ಎಲ್ಲಾ ಓದೀನ್ರಿ ಅತ್ತಿ."

"ಸುಳ್ಳ ಹೇಳಬ್ಯಾಡ."

"ಸೇತುವಿ ಎಲ್ಲದ ಅಂತ ತೋರಿಸ್ರಿ. ಹಗ್ಗ ಹಿಡೀತೀನಿ."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದರು. ಕಪಾಟಿನಿಂದ ಆಟದ ಎರಡನೆಯ ರಿಮೋಟು ತೆಗೆದರು. ಅದಕ್ಕೊಂದು ಬಟ್ಟೆಯ ಚೀಲ ಹೊಲಿದಿದ್ದರು, ಅಂಚಿಗೆ ಸಣ್ಣ ಕೈಹೊಲಿಗೆ. ಒಂದಿಷ್ಟೂ ಧೂಳು ಕೂತಿರಲಿಲ್ಲ. ಚಾಪೆ ಹಾಸಿ ಇಬ್ಬರೂ ಕೂತೆವು. ಅವರ ಶೂರ ಸೇತುವೆಯ ಈಚೆ ಹಗ್ಗ ಹಿಡಿದು ನಿಂತ. ನಾನು ಆಚೆಯದನ್ನು ಹಿಡಿಯಬೇಕಿತ್ತು. ಆದರೆ ಕಣ್ಣು ತುಂಬಿ ಬಂದು ಟೀವಿಯಲ್ಲಿ ಹಗ್ಗ ಎಲ್ಲಿದೆಯೋ ಕಾಣಲಿಲ್ಲ. ಯಾವ ಗುಂಡಿ ಒತ್ತಿದರೂ ನನ್ನವನು ಹೊಳೆಗೇ ಬೀಳುತ್ತಿದ್ದ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಟೀವಿಯನ್ನೇ ನೋಡುತ್ತ ಅಂದರು:

"ಬಿದ್ರ ಬೀಳ್ಲಿ ತಮ್ಮಾ, ಸಾವಕಾಶ ಬಾ. ನಾ ಇಲ್ಲೇ ನಿಂತೀನಿ."